ದೊಡ್ಡಮಾವ ಮೈನಸ್ ಆರು ಮೈನಸ್ ಒಂದು

ಪ್ರೊಲಾಗ್ ಎಂಬ ಕಂಪ್ಯೂಟರ್ ಭಾಷೆಗೆ ಹೀಗೆ ಮಾಡು, ಹಾಗೆ ಮಾಡು ಎಂದು ಹೇಳುವಂತಿಲ್ಲ. ಗೊತ್ತಿರುವ ಸಂಗತಿ ಇಷ್ಟು, ನಿಯಮ ಇಷ್ಟು ಎಂದು ಬರೆದಿಟ್ಟು ಪ್ರಶ್ನೆ ಕೇಳಬೇಕು. ಅದು ಎಲ್ಲವನ್ನೂ ತಡಕಾಡಿ ಹೌದು ಅಥವಾ ಅಲ್ಲ ಅನ್ನುತ್ತದೆ. ಇದನ್ನು ಕಲಿಸುವವರು ಮೊದಲ ಪಾಠಕ್ಕೆ ವಂಶವೃಕ್ಷವನ್ನೇ ಹಿಡಿಯುವುದು ವಾಡಿಕೆ. ಸರಿ, ನಮ್ಮ ಮನೆಯದನ್ನೇ ಬರೆಯೋಣ ಎಂದು ಕೂತೆ. ನಮ್ಮಲ್ಲಿ ಯಾರು ಮೊದಲು ಹುಟ್ಟಿದರು ಅಂತ ಗೊತ್ತಿಲ್ಲದೆ ದೊಡ್ಡಪ್ಪ ಯಾರು, ಚಿಕ್ಕಪ್ಪ ಯಾರು ಎಂದು ಹೇಳುವ ಹಾಗೇ ಇಲ್ಲ. ಹಾಗಾಗಿ ಹೆಸರಿನ ಜೊತೆ ಹುಟ್ಟಿದ ತಾರೀಖೂ ಬೇಕು. ತಾಪತ್ರಯ ಶುರುವಾಗಿದ್ದೇ ಅಲ್ಲಿ.

ಹೆಸರುಗಳ ಪಟ್ಟಿಯನ್ನು ತಂಗಿ ಮೊದಲೇ ಇಂಗ್ಲಿಷಿನಲ್ಲಿ ಟೈಪ್ ಮಾಡಿಟ್ಟಿದ್ದಳು, ಪ್ರತಿ ಹೆಸರಿನ ಮೊದಲ ಅಕ್ಷರ ಕ್ಯಾಪಿಟಲ್. ಪ್ರೊಲಾಗ್‌ನಲ್ಲಿ ಕ್ಯಾಪಿಟಲ್ ಅಕ್ಷರದಿಂದ ಶುರುವಾದರೆ ಅದು ಹೆಸರಲ್ಲ, ವೇರಿಯಬಲ್. ಅಂದರೆ ಆ ಜಾಗಕ್ಕೆ ಯಾರು ಬೇಕಾದರೂ ಬರಬಹುದು. ರವಿ ಸೀತಮ್ಮನ ಮಗ ಎಂದು ಬರೆದರೆ, ಯಾರು ಬೇಕಾದರೂ ಯಾರ ಮಗ ಬೇಕಾದರೂ ಆಗಬಹುದು ಅಂತ ಅದು ಓದಿಕೊಂಡಿತು. ಪಕ್ಕದ ಮನೆಯ ನಾಯಿ ನಮ್ಮ ಅಜ್ಜಿಯ ಮಗನೇ ಎಂದು ಕೇಳಿದೆ. ಟ್ರೂ ಅಂತು. ಜೊತೆಗೆ ಒಂದೇ ಸಲ ಬಂದ ವೇರಿಯಬಲ್‌ಗಳಿಗೆಲ್ಲ ‘ಸಿಂಗಲ್‌ಟನ್’, ಅಂದರೆ ಒಂಟಿ, ಎಂಬ ಎಚ್ಚರಿಕೆ ಬೇರೆ. ಮದುವೆಯಾಗದ ರವಿಯ ಹೆಸರಿನ ಮುಂದೆ ಅದನ್ನು ಕಂಡು ಅಮ್ಮನಿಗೆ ಸ್ವಲ್ಪ ಬೇಜಾರಾಯಿತು.

ಕನ್ನಡದಲ್ಲಿ ಬರೆದರೆ ಈ ರಗಳೆ ಇಲ್ಲ, ನಮ್ಮ ಲಿಪಿಯಲ್ಲಿ ಕ್ಯಾಪಿಟಲ್ಲೇ ಇಲ್ಲವಲ್ಲ. ಬರೆದದ್ದೆಲ್ಲ ಗಟ್ಟಿ ಹೆಸರೇ. ವೇರಿಯಬಲ್ ಬೇಕೆಂದರೆ ಮುಂದೆ ಒಂದು ಅಡಿಗೆರೆ ಹಾಕಿದರಾಯಿತು. ಆದರೆ ಉದ್ಧರಣ ಚಿಹ್ನೆ ಹಾಕುವಾಗ ಹುಷಾರಾಗಿರಬೇಕು. ಒಂಟಿ ಚಿಹ್ನೆಯೊಳಗಿನ ಅಮ್ಮ ಬೇರೆ, ಜೋಡಿ ಚಿಹ್ನೆಯೊಳಗಿನ ಅಮ್ಮ ಬೇರೆ. ಎರಡೂ ಒಂದೇನಾ ಎಂದು ಕೇಳಿದರೆ ಮುಖಕ್ಕೆ ಹೊಡೆದ ಹಾಗೆ ಫಾಲ್ಸ್ ಅನ್ನುತ್ತದೆ. ಹಳೇ ಪ್ರೊಲಾಗ್‌ಗಳಲ್ಲಿ ಇನ್ನೂ ಮಜಾ. ಜೋಡಿ ಚಿಹ್ನೆಯೊಳಗೆ ಬರೆದದ್ದು ಬರೀ ಅಂಕಿಗಳ ಪಟ್ಟಿ, ಕಂಪ್ಯೂಟರಿನಲ್ಲಿ ಒಂದೊಂದು ಅಕ್ಷರಕ್ಕೂ ಇರುವ ಸಂಖ್ಯೆ. ಅಮ್ಮ ಅಂದರೆ 3205, 3246, 3277, 3246. ಪ್ರೊಲಾಗ್‌ಗಳಲ್ಲೇ ಒಂದಾದ ಎಸ್‌ಡಬ್ಲ್ಯುಐ ಪ್ರೊಲಾಗ್‌ನ ಏಳನೇ ಆವೃತ್ತಿಯಲ್ಲಿ ಇದನ್ನು ಬದಲಾಯಿಸಿದರು, ಪುಣ್ಯ ಕಟ್ಟಿಕೊಂಡರು. ಆದರೂ ಅಮ್ಮ ಪದದ ಉದ್ದ ಎಷ್ಟು ಎಂದರೆ ನಾಲ್ಕು ಅನ್ನುತ್ತದೆ, ಒತ್ತಕ್ಷರ ಮಾಡಲು ನಡುವೆ ಬರುವ ಹಲಂತದ ಗುರುತಿಗೂ ಒಂದು ಲೆಕ್ಕ. ಸುಮ್ನೆ ಮೈಸೂರನ್ನು ತಿರುಗಿಸಿ ನೋಡಿದೆ. ಮೊದಲು ಗಾಳಿಯಲ್ಲಿ ತೂಗಾಡುವ ಒಂದು ಕೊಂಬು, ಆಮೇಲೆ ರೂಸೈಮ.

ತಮಾಷೆ ಅಂದರೆ ಈ ಭಾಷೆ ಹುಟ್ಟಿದ್ದೇ ಮನುಷ್ಯರ ಮಾತಿಗಾಗಿ. 1972ರಲ್ಲಿ ಫ್ರಾನ್ಸಿನ ಮಾರ್ಸೇ ಊರಿನಲ್ಲಿ ಅಲೆಂ ಕೊಲ್ಮರೋರ್ ಮತ್ತು ಫಿಲಿಪ್ ರೂಸೆಲ್ ಇದನ್ನು ಕಟ್ಟುವಾಗ, ಕಂಪ್ಯೂಟರಿನ ಜೊತೆ ಫ್ರೆಂಚಿನಲ್ಲೇ ಮಾತಾಡಬೇಕು ಎಂಬ ಆಸೆ ಇತ್ತು. ನಮ್ಮ ಮನೆಗೆ ಬಂದಾಗ ಅದಕ್ಕೆ ಅಮ್ಮ ಅನ್ನೋಕೂ ಬರಲಿಲ್ಲ.

ಇನ್ನು ತಾರೀಖು. ದೊಡ್ಡಮಾವನ ಹುಟ್ಟಿದ ದಿನ ದಾಖಲೆ ಪ್ರಕಾರ 1954-06-01. ಪ್ರೊಲಾಗ್ ಅದನ್ನು ಗೌರವದಿಂದಲೇ ತೆಗೆದುಕೊಂಡಿತು. ವಾಪಸ್ ಕೇಳಿದಾಗ ಸೊನ್ನೆಗಳನ್ನು ನುಂಗಿ 1954-6-1 ಎಂದು ತೋರಿಸಿತು. ಅದರ ಕಣ್ಣಿಗೆ ಆ ಅಡ್ಡಗೆರೆಗಳು ಕಳೆಯುವ ಚಿಹ್ನೆ. ಆದರೆ ಹೇಳದೆ ಲೆಕ್ಕ ಮಾಡುವ ಜಾಯಮಾನ ಅದರದಲ್ಲ. ಸುಮ್ಮನೆ ಇಟ್ಟುಕೊಂಡಿರುತ್ತದೆ. ಯಾರು ದೊಡ್ಡವರು ಎಂದು ನೋಡಲು ನಿಯಮದಲ್ಲಿ ‘ಇದಕ್ಕಿಂತ ಕಡಿಮೆ’ ಚಿಹ್ನೆ ಬಂತು ನೋಡಿ, ಆಗ ಎಲ್ಲ ತಾರೀಖನ್ನೂ ಕಳೆದು ಬಿಸಾಕಿತು. 1981-12-20ರಂದು ಹುಟ್ಟಿದ ತಂಗಿ 1949ಕ್ಕೆ ಹೋದಳು. 1978-01-05ರ ನಾನು 1972ರಲ್ಲೇ ಉಳಿದೆ. ಅವಳು ನನಗೆ ಅಕ್ಕ ಆದಳು. ಚಿಕ್ಕಮಾವನಿಗೂ ಅಕ್ಕ ಆದಳು. ದೋಷ ಇದೆ ಎಂದು ಒಂದು ಅಕ್ಷರ ಇಲ್ಲ, ಟ್ರೂ ಅಂತ ತಣ್ಣಗೆ ಹೇಳಿತು.

ಇದಕ್ಕೆ ಮದ್ದಿದೆ. ಡೇಟ್ ಎಂದು ಬರೆದು ಆವರಣದೊಳಗೆ ವರ್ಷ, ತಿಂಗಳು, ದಿನಕ್ಕೆ ಅಲ್ಪವಿರಾಮ ಹಾಕಿ ಕೊಟ್ಟರೆ ಕಳೆಯುವುದಿಲ್ಲ. ಆದರೆ ಅಲ್ಲೂ ಅದರದೇ ರೀತಿ. ಫೆಬ್ರವರಿ 29ಕ್ಕೆ ಹುಟ್ಟಿದ ಅತ್ತೆ ಮಗಳ ಹುಟ್ಟುಹಬ್ಬ 2023ರಲ್ಲಿ ಯಾವಾಗ ಎಂದರೆ, ತಕರಾರಿಲ್ಲದೆ ಮಾರ್ಚ್ 1 ಅನ್ನುತ್ತದೆ. ನಮ್ಮ ಸಮಯ ಗ್ರೀನ್‌ವಿಚ್‌ಗಿಂತ ಐದೂವರೆ ಗಂಟೆ ಮುಂದೆ ಅಲ್ವಾ? ಅದರಲ್ಲಿ -19800 ಸೆಕೆಂಡ್ ಎಂದು ಬರೆಯಬೇಕು. ಪಶ್ಚಿಮದವರು ಪ್ಲಸ್, ನಾವು ಮೈನಸ್. ಇರಲಿ ಬಿಡಿ.

ಮದ್ದು ಹಾಕುವ ಮುಂಚೆ, ಕಳೆದು ಬಂದ ಪಟ್ಟಿಯನ್ನು ನಗಾಡಿಸೋಣ ಎಂದು ಅಮ್ಮನಿಗೆ ಓದಿ ಹೇಳಿದೆ. ದೊಡ್ಡಮಾವ 1947. ಚಿಕ್ಕಮಾವನ ದಾಖಲೆ 1955-01-01, ಕಳೆದರೆ 1953.

ಅಮ್ಮ ನಗಲಿಲ್ಲ. “ಸರಿಯಾಗೇ ಇದೆಯಲ್ಲೋ” ಅಂದಳು. ದೊಡ್ಡಣ್ಣ ಸ್ವಾತಂತ್ರ್ಯ ಬಂದ ವರ್ಷ ತೊಟ್ಟಿಲಲ್ಲಿದ್ದನಂತೆ. ತಮ್ಮನಿಗೂ ಅವನಿಗೂ ಆರು ವರ್ಷ ಅಂತರ. ಶಾಲೆಗೆ ಸೇರಿಸುವಾಗ ಮೇಷ್ಟ್ರು, ಮುಂದೆ ನೌಕರಿ ನಾಲ್ಕು ದಿನ ಜಾಸ್ತಿ ಸಿಗಲಿ ಎಂದು ವಯಸ್ಸು ಇಳಿಸಿ ಜೂನ್ ಒಂದು ಅಂತ ಬರೆದರು. ಇನ್ನೊಬ್ಬನಿಗೆ ಜನವರಿ ಒಂದು. ಹಾಗಾಗಿ ದಾಖಲೆಯಲ್ಲಿ ಒಂದೇ ಹೊಟ್ಟೆಯ ಅಣ್ಣತಮ್ಮಂದಿರ ನಡುವೆ ಏಳೇ ತಿಂಗಳು.

ತಾರೀಖುಗಳನ್ನೆಲ್ಲ ಸರಿಪಡಿಸಿ ಮತ್ತೆ ಕೇಳಿದೆ. ಪ್ರೊಲಾಗ್ ಈಗ ದಾಖಲೆ ಪ್ರಕಾರ ಏಳು ತಿಂಗಳನ್ನೇ ಹೇಳಿತು. “ಮೊದಲೇ ಚೆನ್ನಾಗಿತ್ತು, ಯಾಕೆ ಕೆಡಿಸಿದೆ?” ಎಂದು ಅಮ್ಮ ಕೇಳಿದಳು.