ಡ್ಯಾಶ್‌ಬೋರ್ಡಿನ ಮೇಲಿನ ಹಳದಿ ಬಟ್ಟೆ

ನವೆಂಬರ್ ಕಾಲಿಟ್ಟರೆ ಸಾಕು, ನಮ್ಮ ಚಿಕ್ಕಬಳ್ಳಾಪುರದ ಕಡೆಯ ಕಾರುಗಳ ಡ್ಯಾಶ್‌ಬೋರ್ಡಿನ ಮೇಲೆ, ಗಣಪತಿಯ ಪಕ್ಕದಲ್ಲಿ, ಒಂದು ಹಳದಿ ಬಟ್ಟೆ ಬಂದು ಕೂರುತ್ತದೆ. ಚಳಿಗಾಲ ಮುಗಿಯುವ ತನಕ ಅದಕ್ಕೆ ಪುರುಸೊತ್ತಿಲ್ಲ. ಮುಂಜಾನೆ ಹೊರಟ ಕಾರಿನ ಮುಂದಿನ ಗಾಜು ಒಳಗಿನಿಂದ ಮಸುಕಾಗುತ್ತದೆ. ಚಾಲಕ ಒಂದು ಕೈಯಲ್ಲಿ ಸ್ಟಿಯರಿಂಗ್ ಹಿಡಿದು ಇನ್ನೊಂದು ಕೈಯಲ್ಲಿ ಒರೆಸುತ್ತಾನೆ. ಗೇರ್ ಬದಲಿಸಬೇಕಾದಾಗ ಬಟ್ಟೆಯನ್ನು ಪಕ್ಕದಲ್ಲಿ ಕುಳಿತವರ ತೊಡೆಯ ಮೇಲೆ ಎಸೆಯುತ್ತಾನೆ. ಮತ್ತೆ ಮಸುಕು, ಮತ್ತೆ ಬಟ್ಟೆ. ಇಷ್ಟೆಲ್ಲ ನಡೆಯುವಾಗ ಆ ಬಟ್ಟೆಯಿಂದ ಒಂದು ಗೇಣು ದೂರದಲ್ಲಿ, ಇದೇ ಕೆಲಸಕ್ಕೆಂದು ಕಂಪನಿಯವರು ಇಟ್ಟ, ಮುಂದಿನ ಗಾಜಿಗೆ ಗಾಳಿ ಊದುವ ಗುಂಡಿಯೊಂದು ಕಾರು ಕೊಂಡ ದಿನದಿಂದ ಯಾರೂ ಮುಟ್ಟದೆ ಹೊಚ್ಚ ಹೊಸದಾಗಿ ಉಳಿದಿರುತ್ತದೆ.

ಆ ಬಟ್ಟೆಯ ಮೇಲೆ ನನಗೆ ಬಹಳ ದಿನದ ಸಿಟ್ಟಿದೆ. ಇವತ್ತು ಬರೆದೇಬಿಡುತ್ತೇನೆ.

ನನ್ನ ಭಾವ ಶಿಡ್ಲಘಟ್ಟದ ಕಡೆಯ ರೇಷ್ಮೆ ಬೆಳೆಗಾರರು. ಕಾರ್ತಿಕದ ಜಡಿಮಳೆಯಲ್ಲಿ ಅವರ ಕಾರಿನಲ್ಲಿ ಗೌರಿಬಿದನೂರಿನ ಒಂದು ಮದುವೆಗೆ ಹೊರಟಿದ್ದೆವು. ಒಳಗೆ ಏಳು ಜನ, ನೀರು ಸೋರುವ ಛತ್ರಿಗಳು, ಅಕ್ಕನ ಮಡಿಲಲ್ಲಿ ನೀರು ಚಿಮುಕಿಸಿದ ಹೂವಿನ ಬುಟ್ಟಿ. ಎಲ್ಲ ಕಿಟಕಿ ಬಂದ್. ಊರು ದಾಟುವುದರೊಳಗೆ ಗಾಜು ಬೆಳ್ಳಗಾಯಿತು.

“ಭಾವ, ಎಸಿ ಹಾಕಿ” ಎಂದೆ.

“ಈ ಚಳಿಯಲ್ಲಿ ಎಸಿಯೇ? ನಿನ್ನ ಅಕ್ಕನಿಗೆ ಆಗಲೇ ಮೂಗು ಕಟ್ಟಿದೆ.”

“ಡೀಸೆಲ್ ಬೇರೆ ಸುಮ್ಮನೆ ಖರ್ಚು” ಎಂದು ಹಿಂದಿನಿಂದ ಅಕ್ಕನೂ ದನಿಗೂಡಿಸಿದಳು.

ಕಾರು ನಿಲ್ಲಿಸಲು ಹೇಳಿ, ಕೈಚಾಚಿ ನಾನೇ ಎಲ್ಲವನ್ನೂ ಸರಿಪಡಿಸಿದೆ. ಗಾಳಿಯ ದಿಕ್ಕು ಮುಂದಿನ ಗಾಜಿನ ಕಡೆಗೆ, ಎಸಿ ದೀಪ ಹೊತ್ತಿಸಿ, ತಾಪದ ನಾಬ್ ಅರ್ಧಕ್ಕಿಂತ ಹೆಚ್ಚು ಕೆಂಪಿನ ಕಡೆಗೆ, ಫ್ಯಾನ್ ಜೋರಾಗಿ, ಹೊರಗಾಳಿ ಒಳಬರುವಂತೆ. ಮೊದಲು ಗಾಜಿನ ಬುಡದಲ್ಲಿ, ಗಾಳಿ ಬರುವ ಸೀಳಿನ ಮೇಲ್ಗಡೆ, ಎರಡು ಅರ್ಧಚಂದ್ರದಷ್ಟು ಜಾಗ ತಿಳಿಯಾಯಿತು. ಅವೆರಡೂ ಮೇಲಕ್ಕೆ ಹರಡುತ್ತಾ ನಡುವೆ ಒಂದನ್ನೊಂದು ಮುಟ್ಟಿದವು. ಸ್ವಲ್ಪ ಹೊತ್ತಿಗೆ ಕನ್ನಡಿಯ ಮಟ್ಟದವರೆಗೂ ಗಾಜು ಸ್ವಚ್ಛವಾಯಿತು. ಉಳಿದದ್ದು ಬಟ್ಟೆಯ ಜಿಡ್ಡು ಬಳಿದ ಸುತ್ತುಗಳು ಮಾತ್ರ. ಎದುರಿನಿಂದ ಲಾರಿಯ ದೀಪ ಬಿದ್ದಾಗ ಆ ಸುತ್ತುಗಳೆಲ್ಲ ಹೊಳೆದು ಕಣ್ಣು ಕುಕ್ಕಿದವು. ಬಟ್ಟೆ ಗಾಜಿಗೆ ಮಾಡುವ ಉಪಕಾರ ಇದು.

ಭಾವನವರು ಮೆಚ್ಚಿದರು, ಮತ್ತೆ ಹೊರಟೆವು. ಸ್ವಲ್ಪ ದೂರ ಹೋಗುತ್ತಲೇ “ಆಯಿತಲ್ಲ” ಎಂದು ಎಸಿ ಆರಿಸಿದರು. ಗಾಜು ಮೊದಲಿಗಿಂತ ಬೇಗ ಮಸುಕಾಯಿತು! ಇದಕ್ಕೂ ಕಾರಣವಿದೆ. ಎಸಿ ಚಾಲೂ ಇದ್ದಾಗ ಗಾಳಿಯಲ್ಲಿನ ನೀರೆಲ್ಲ ಡ್ಯಾಶ್‌ಬೋರ್ಡಿನೊಳಗಿನ ತಣ್ಣನೆಯ ಸುರುಳಿಯ ಮೇಲೆ ಹನಿಗಟ್ಟುತ್ತದೆ. ಬೇಸಿಗೆಯಲ್ಲಿ ಕಾರಿನ ಕೆಳಗೆ ತೊಟ್ಟಿಕ್ಕುವ ನೀರು ಅದೇ. ರೇಡಿಯೇಟರ್ ಸೋರುತ್ತಿದೆ ಎಂದು ಗಾಬರಿಯಾಗಿ ಗ್ಯಾರೇಜಿಗೆ ಓಡುವವರು ಇಂದಿಗೂ ಇದ್ದಾರೆ. ಕಂಪ್ರೆಸರ್ ನಿಂತು ಫ್ಯಾನ್ ಮಾತ್ರ ತಿರುಗುತ್ತಿದ್ದರೆ ಆ ಒದ್ದೆ ಸುರುಳಿಯ ನೀರು ಆವಿಯಾಗಿ ನೇರ ಗಾಜಿಗೇ ಹೋಗಿ ಬಡಿಯುತ್ತದೆ. ಆದ್ದರಿಂದ ಗಾಜು ತಿಳಿಯಾಯಿತೆಂದು ಎಸಿ ಆರಿಸಬಾರದು, ಫ್ಯಾನಿನ ವೇಗ ತಗ್ಗಿಸಿಕೊಂಡು ಅದನ್ನು ಹಾಗೆಯೇ ಬಿಟ್ಟಿರಬೇಕು.

ನನಗೆ ಸೋಜಿಗವಾದದ್ದು ಭಾವನವರಿಗೆ ಇದು ಹೊಳೆಯಲಿಲ್ಲವಲ್ಲ ಎಂದು. ಅವರ ಹುಳು ಮನೆಯ ಗೋಡೆಯ ಮೇಲೆ ಒಣ ಬಲ್ಬು, ಒದ್ದೆ ಬಲ್ಬು ಎರಡೂ ಇರುವ, ಕಾವನ್ನೂ ಗಾಳಿಯ ತೇವವನ್ನೂ ತಿಳಿಸುವ ತಾಪಮಾಪಕ ತೂಗುಹಾಕಿದೆ. ಚಾಕಿ ಹುಳುವಿಗೆ, ಅಂದರೆ ಎಳೆಯ ಹುಳುವಿಗೆ, 27-28 ಡಿಗ್ರಿ ಕಾವು, ಶೇಕಡಾ 85ರ ಮೇಲೆ ತೇವ. ಹುಳು ಬೆಳೆದು ಐದನೇ ಹಂತಕ್ಕೆ ಬರುವಷ್ಟರಲ್ಲಿ ಕಾವು 24ರ ಆಸುಪಾಸು, ತೇವ 70ಕ್ಕಿಂತ ಹೆಚ್ಚಾಗಬಾರದು. ಹಣ್ಣಾದ ಹುಳುವನ್ನು ಗೂಡು ಕಟ್ಟಲು ಚಂದ್ರಿಕೆಯ ತಟ್ಟೆಗೆ ಬಿಟ್ಟ ಮೇಲೆ ಮನೆಯಲ್ಲಿ ತೇವ ನಿಂತರೆ ಗೂಡಿನ ನೂಲು ಸರಿಯಾಗಿ ಬಿಚ್ಚುವುದಿಲ್ಲ, ಮಾರುಕಟ್ಟೆಯಲ್ಲಿ ದರ ಬೀಳುತ್ತದೆ. ಕಾವು ಬೇರೆ, ತೇವ ಬೇರೆ, ಒಂದನ್ನು ಏರಿಸಿ ಇನ್ನೊಂದನ್ನು ಇಳಿಸಬಹುದು ಎಂಬುದು ಈ ಸೀಮೆಯ ಬೆಳೆಗಾರರಿಗೆ ಹೇಳಿಕೊಡಬೇಕಾದ ಪಾಠವೇ ಅಲ್ಲ. ಕಾರಿನಲ್ಲೂ ಇರುವುದು ಅದೇ ಲೆಕ್ಕ. ತೇವ ತೆಗೆಯುವುದು ಎಸಿ, ಕಾವು ಕೊಡುವುದು ಹೀಟರ್. ಬಹುತೇಕ ಕಾರುಗಳಲ್ಲಿ ಗಾಳಿ ಮೊದಲು ತಣ್ಣನೆಯ ಸುರುಳಿಯನ್ನು ಹಾದು ಒಣಗಿ, ಆಮೇಲೆ ಹೀಟರಿನ ಮೇಲೆ ಹಾದು ಬೆಚ್ಚಗಾಗಿ ಬರುತ್ತದೆ. ಎರಡನ್ನೂ ಒಟ್ಟಿಗೆ ಹಾಕಿದರೆ ಅಕ್ಕನ ಮೂಗೂ ಕಟ್ಟುವುದಿಲ್ಲ, ಗಾಜೂ ಮಸುಕಾಗುವುದಿಲ್ಲ.

ಅಕ್ಕನ ಡೀಸೆಲ್ ಲೆಕ್ಕಕ್ಕೂ ಉತ್ತರವಿದೆ. ಪೆಟ್ರೋಲ್, ಡೀಸೆಲ್ ಕಾರಿನಲ್ಲಿ ಹೀಟರಿಗೆ ಬೇರೆ ಇಂಧನ ಸುಡುವುದಿಲ್ಲ. ಎಂಜಿನ್ ತಣಿಸಲು ಓಡಾಡುವ ಕೂಲೆಂಟ್ ಹೇಗಿದ್ದರೂ ಬಿಸಿಯಾಗಿರುತ್ತದೆ, ಅದರ ಒಂದಿಷ್ಟು ಬಿಸಿಯನ್ನೇ ಒಳಕ್ಕೆ ತಿರುಗಿಸಿಕೊಳ್ಳುತ್ತೇವೆ. ಅದಕ್ಕೇ ಕಾರು ಚಾಲೂ ಮಾಡಿದ ಕೂಡಲೇ ಹೀಟರ್ ಬಿಸಿಗಾಳಿ ಕೊಡುವುದಿಲ್ಲ, ಎಂಜಿನ್ ಕಾಯುವ ತನಕ ಕಾಯಬೇಕು. ಎಸಿ ಮಾತ್ರ ಎಂಜಿನ್ನಿನ ಬಲವನ್ನು ತಿನ್ನುತ್ತದೆ, ಅದು ನಿಜ. ಆದರೆ ಆ ಖರ್ಚನ್ನು ಉಳಿಸಲು ಕುರುಡಾಗಿ ಕಾರು ಓಡಿಸುವ ಜಿಪುಣತನ ನನಗೆ ಅರ್ಥವಾಗುವುದಿಲ್ಲ. ವಿದ್ಯುತ್ ಕಾರು ಇರುವವರ ಲೆಕ್ಕ ಬೇರೆ. ಅಲ್ಲಿ ಹೀಟರೂ ಬ್ಯಾಟರಿಯಿಂದಲೇ ಓಡಬೇಕು, ಒಮ್ಮೆ ಚಾರ್ಜ್ ಮಾಡಿದರೆ ಹೋಗುವ ದೂರ ಕಡಿಮೆಯಾಗುತ್ತದೆ.

ಇದು ಸುಖದ ಮಾತೆಂದು ಯಾರೂ ತಿಳಿಯಬೇಡಿ. ಗಾಜಿನ ಹಿಮ ಮತ್ತು ಮಂಜು ತೆಗೆಯುವ ವ್ಯವಸ್ಥೆ ಕಾರಿನಲ್ಲಿ ಇರಲೇಬೇಕೆಂದು ಅಮೆರಿಕದಲ್ಲಿ 1968ರಿಂದಲೇ ಸುರಕ್ಷತಾ ನಿಯಮವಿದೆ, ಬ್ರೇಕು, ಟೈರುಗಳ ನಿಯಮಗಳ ಸಾಲಿನಲ್ಲೇ. ನಮ್ಮಲ್ಲಿ ಹಿಮ ಬೀಳುವುದಿಲ್ಲ ಎಂಬ ಒಂದೇ ಕಾರಣಕ್ಕೆ ಆ ಗುಂಡಿ ಫಾರಿನ್ನಿನವರಿಗೆ ಎಂದುಕೊಂಡಿದ್ದೇವೆ.

2023ರ ಅಕ್ಟೋಬರ್ 26ರ ಬೆಳಗ್ಗೆ ಚಿಕ್ಕಬಳ್ಳಾಪುರದ ಬಳಿ ರಾಷ್ಟ್ರೀಯ ಹೆದ್ದಾರಿ 44ರಲ್ಲಿ ನಿಂತಿದ್ದ ಟ್ಯಾಂಕರಿಗೆ ವಾಹನವೊಂದು ಗುದ್ದಿ 13 ಮಂದಿ ತೀರಿಕೊಂಡರು. ರಸ್ತೆಯ ಮೇಲೆ ಮಂಜು ಕವಿದಿತ್ತು. ಆ ಮಂಜು ಹೊರಗಿನದು, ಅದನ್ನು ಕರಗಿಸುವ ಗುಂಡಿ ಯಾವ ಕಾರಿನಲ್ಲೂ ಇಲ್ಲ. ವೇಗ ತಗ್ಗಿಸಬೇಕು, ಹೈಬೀಮ್ ಹಾಕದೆ ಲೋಬೀಮಿನಲ್ಲೇ ಹೋಗಬೇಕು, ಏನೂ ಕಾಣದಿದ್ದರೆ ರಸ್ತೆ ಬಿಟ್ಟು ಪೂರ್ತಿ ಪಕ್ಕಕ್ಕೆ ಇಳಿಯಬೇಕು. ಆದರೆ ಹೊರಗೆ ಕಾಣುವುದೇ ನಾಲ್ಕು ಮಾರು ಎಂದಾಗ, ಒಳಗಿನ ಮಸುಕಿನಿಂದ ಅದನ್ನೂ ಕಳೆದುಕೊಂಡರೆ ಯಾರನ್ನು ದೂರೋಣ? ಭಾನುವಾರ ಬೆಳಗ್ಗೆ ನಂದಿಬೆಟ್ಟದ ತಿರುವುಗಳಲ್ಲಿ ನಿಂತು ನೋಡಿ. 1,478 ಮೀಟರ್ ಎತ್ತರದಿಂದ ಇಳಿಯುವ ಕಾರುಗಳಲ್ಲಿ ಕೆಲವದರ ಗಾಜಿನಲ್ಲಿ ಅಂಗೈಯಗಲ ಒರೆಸಿದ ಜಾಗ ಮಾತ್ರ ಇರುತ್ತದೆ, ಅದರ ಹಿಂದೆ ಚಾಲಕನ ಒಂದು ಕಣ್ಣು.

ಮಳೆಗಾಲದಲ್ಲಿ ಇದರ ತಿರುಗುಮುರುಗು ಕೂಡ ಆಗುತ್ತದೆ. ಎಸಿಯನ್ನು ತೀರಾ ತಣ್ಣಗಿಟ್ಟು ಗಾಜಿಗೆ ಊದಿದರೆ ಹೊರಗಿನ ತೇವ ಗಾಜಿನ ಹೊರಮೈಗೆ ಹನಿಗಟ್ಟುತ್ತದೆ. ಒಳಗೆಷ್ಟು ಒರೆಸಿದರೂ ಹೋಗದು. ವೈಪರ್ ಒಮ್ಮೆ ಆಡಿಸಿ. ಮಸುಕು ಹೋದರೆ ಅದು ಹೊರಗಿನದು. ನಾಬನ್ನು ಕೆಂಪಿನ ಕಡೆ ಸ್ವಲ್ಪ ತಿರುಗಿಸಿದರೆ ಮುಗಿಯಿತು.

ಇನ್ನು ಒಳಗಾಳಿಯನ್ನೇ ಸುತ್ತಿಸುವ ಗುಂಡಿ, ಕಾರಿನ ಚಿತ್ರದೊಳಗೆ ಬಾಗಿದ ಬಾಣವಿರುವುದು. ನನ್ನ ಪ್ರಕಾರ ಎಲ್ಲಕ್ಕಿಂತ ಹೆಚ್ಚು ದುರುಪಯೋಗ ಆಗುವುದು ಇದೇ. ಧೂಳು ಬರುತ್ತದೆಂದು ಷೋರೂಮಿನವರು ಒತ್ತಿಕೊಟ್ಟದ್ದನ್ನು ಕಾರು ಮಾರುವ ತನಕ ಯಾರೂ ತೆಗೆಯುವುದಿಲ್ಲ. ಪೆರೇಸಂದ್ರದ ಕಡೆ ಜಲ್ಲಿ ತುಂಬಿದ ಟಿಪ್ಪರಿನ ಹಿಂದೆ ಸಿಕ್ಕಿಕೊಂಡಾಗ ಒತ್ತಿ, ಬೇಡವೆನ್ನುವುದಿಲ್ಲ. ಏಪ್ರಿಲ್ ಬಿಸಿಲಿನಲ್ಲಿ ಕಾರು ಬೇಗ ತಂಪಾಗಲೂ ಅದು ಬೇಕು. ಆದರೆ ಆ ಗುಂಡಿ ಒತ್ತಿದ್ದರೆ ಒಳಗಿನವರ ಉಸಿರಿನ ತೇವ ಹೊರಹೋಗುವ ದಾರಿ ಮುಚ್ಚುತ್ತದೆ, ಗಾಜು ಮಸುಕಾಗಲು ಅರ್ಧ ಕಾರಣ ಅದೇ. ಇದಕ್ಕಿಂತ ಕೆಟ್ಟದ್ದು ರಾತ್ರಿಯ ಪ್ರಯಾಣ. ನಮ್ಮ ಕಡೆಯವರು ಊಟ ಮುಗಿಸಿ ತಿರುಪತಿಗೆ ಹೊರಡುವುದು ವಾಡಿಕೆ. ಮುಳಬಾಗಿಲು ದಾಟುವಷ್ಟರಲ್ಲಿ ಹಿಂದಿನವರೆಲ್ಲ ನಿದ್ದೆಗೆ ಜಾರಿರುತ್ತಾರೆ, ಒಳಗಾಳಿ ಸುತ್ತುತ್ತಲೇ ಇರುತ್ತದೆ, ಉಸಿರಿನ ಇಂಗಾಲದ ಡೈಆಕ್ಸೈಡ್ ಏರುತ್ತಾ ಹೋಗುತ್ತದೆ. ಚಾಲಕನ ತಲೆ ಭಾರವಾಗಲು ನಡುರಾತ್ರಿ ಒಂದೇ ಕಾರಣವಲ್ಲ. ಹೊರಗಾಳಿ ಬಿಡಿ, ಚಹಾ ಆಮೇಲೆ ಕುಡಿಯೋಣ.

ಬೇಸಿಗೆಯ ಮಾತು ಎರಡೇ ಸಾಲು. ಬಿಸಿಲಿನಲ್ಲಿ ನಿಂತ ಕಾರಿನ ಒಳಗೆ ಒಂದು ಗಂಟೆಯಲ್ಲಿ ಹೊರಗಿಗಿಂತ 20 ಡಿಗ್ರಿಯಷ್ಟು ಹೆಚ್ಚು ಕಾವು ಏರಬಹುದು. ಆದ್ದರಿಂದ ಕಿಟಕಿ ಇಳಿಸಿ ಸ್ವಲ್ಪ ದೂರ ಓಡಿಸಿ ಬಿಸಿಗಾಳಿ ಹೊರಹಾಕಿ, ಆಮೇಲೆ ಕಿಟಕಿ ಏರಿಸಿ ಎಸಿ ಹಾಕಿ. ಮಗುವನ್ನು ಮಾತ್ರ “ಒಂದೇ ನಿಮಿಷ” ಎಂದು ಒಳಗೆ ಬಿಟ್ಟು ಅಂಗಡಿಗೆ ಹೋಗಬೇಡಿ.

ಲಾರಿಗಳ ಬಗ್ಗೆ ಹೇಳದೆ ಬಿಟ್ಟರೆ ಅನ್ಯಾಯವಾಗುತ್ತದೆ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರೀ ಸರಕು ಲಾರಿಗಳ ಕ್ಯಾಬಿನ್ನಿಗೆ ಎಸಿ ಇರಲೇಬೇಕು ಎಂದು ಕೇಂದ್ರ ಸರ್ಕಾರ ನಿಯಮ ಮಾಡಿದೆ. ಆ ಸುದ್ದಿ ಬಂದಾಗ “ಲಾರಿ ಡ್ರೈವರಿಗೂ ಎಸಿಯೇ?” ಎಂದು ನಕ್ಕವರನ್ನು ಕಂಡಿದ್ದೇನೆ. ಕೋಲಾರದ ಎಪಿಎಂಸಿಯಿಂದ ಟೊಮೆಟೊ ತುಂಬಿಕೊಂಡು ರಾತ್ರಿಯಿಡೀ ಓಡುವವರು ಅವರು. ಟೊಮೆಟೊ ಕೊಳೆಯುವ ಮೊದಲು ದೂರದ ರಾಜ್ಯ ಮುಟ್ಟಬೇಕು, ಮಳೆಯೆಂದು ನಿಲ್ಲುವಂತಿಲ್ಲ. ಅಷ್ಟು ದೊಡ್ಡ ಗಾಜನ್ನು ಹಳೆಯ ಪತ್ರಿಕೆಯಿಂದ ಒರೆಸುತ್ತಾ ಓಡಿಸುತ್ತಾರೆ, ಇಲ್ಲವೇ ಕಿಟಕಿ ತೆಗೆದು ನೆನೆಯುತ್ತಾರೆ. ನಗುವವರು ಆ ಲಾರಿಯ ಎದುರಿಗೆ ತಮ್ಮ ಕಾರೂ ಬರುತ್ತಿರುತ್ತದೆ ಎಂಬುದನ್ನು ಮರೆಯುತ್ತಾರೆ. ನಿಯಮ ಹೊಸ ಲಾರಿಗಳಿಗೆ ಮಾತ್ರ, ಹಳೆಯವು ಇನ್ನೂ ಎಷ್ಟೋ ವರ್ಷ ಹೀಗೆಯೇ ಓಡುತ್ತವೆ.

ಕಲಿಸುವವರು ಯಾರು ಎಂಬುದೇ ನನ್ನ ಜಗಳ. ಡ್ರೈವಿಂಗ್ ಶಾಲೆಯಲ್ಲಿ ಹಿಂದಕ್ಕೆ ತೆಗೆಯುವುದನ್ನು ಕಲಿಸುತ್ತಾರೆ, ಏರಿನಲ್ಲಿ ಕ್ಲಚ್ ಹಿಡಿಯುವುದನ್ನು ಕಲಿಸುತ್ತಾರೆ, ಎಸಿಯನ್ನು ಮಾತ್ರ ಮುಟ್ಟಲು ಬಿಡುವುದಿಲ್ಲ, ಮೈಲೇಜ್ ಹೋಗುತ್ತದಲ್ಲ! ಷೋರೂಮಿನಲ್ಲಿ ಕಾರು ಕೊಡುವ ದಿನ ಹಾರ, ಕುಂಬಳಕಾಯಿ, ಚಕ್ರದಡಿ ನಿಂಬೆಹಣ್ಣು, ದೊಡ್ಡ ಕೀಲಿ ಹಿಡಿದು ಫೋಟೊ, ಎಲ್ಲ ಸಾಂಗವಾಗಿ ನಡೆಯುತ್ತದೆ. ಮೊಬೈಲನ್ನು ಪರದೆಗೆ ಜೋಡಿಸಿ ಹಾಡು ಹಾಕುವುದನ್ನು ಕಾಲು ಗಂಟೆ ತೋರಿಸುತ್ತಾರೆ. ಗಾಜು ಮಸುಕಾದರೆ ಯಾವುದನ್ನು ಒತ್ತಬೇಕು ಎಂದು ತೋರಿಸಲು ಅರ್ಧ ನಿಮಿಷ ಸಾಕು, ಅದಿಲ್ಲ. ಈಚೆಗಂತೂ ಈ ಗುಂಡಿಗಳನ್ನೇ ತೆಗೆದು ಪರದೆಯೊಳಗೆ ಹುದುಗಿಸುವ ಶೋಕಿ ಶುರುವಾಗಿದೆ. ಕತ್ತಲಲ್ಲಿ, ಮಳೆಯಲ್ಲಿ, ರಸ್ತೆಯಿಂದ ಕಣ್ಣು ತೆಗೆಯದೆ ಕೈಗೆ ಸಿಗಬೇಕಾದ ಗುಂಡಿಯನ್ನು ಗಾಜಿನ ಪಟ್ಟಿಯೊಳಗೆ ಹುಡುಕಿಸುವವರಿಗೆ ಏನು ಹೇಳಲಿ?

ಗ್ಯಾರೇಜಿನವರೂ ಏನೂ ಕಡಿಮೆಯಿಲ್ಲ. ವರ್ಷಕ್ಕೊಮ್ಮೆ ಎಸಿ ಗ್ಯಾಸ್ ತುಂಬಿಸಲೇಬೇಕು ಎನ್ನುವವರನ್ನು ನಂಬಬೇಡಿ. ಗ್ಯಾಸ್ ಸುತ್ತುವುದು ಮುಚ್ಚಿದ ಕೊಳವೆಯೊಳಗೆ, ಪೆಟ್ರೋಲಿನ ಹಾಗೆ ಉರಿದು ಖಾಲಿಯಾಗುವ ವಸ್ತುವಲ್ಲ. ವರ್ಷದಲ್ಲೇ ಕಡಿಮೆಯಾಯಿತೆಂದರೆ ಎಲ್ಲೋ ಸೋರುತ್ತಿದೆ. ಮೊದಲು ಅದನ್ನು ಹುಡುಕಿಸಿ. ಗಾಳಿ ಮುಗ್ಗಲು ವಾಸನೆ ಹೊಡೆದರೆ ಗ್ಲೋವ್‌ಬಾಕ್ಸಿನ ಹಿಂದಿನ ಕ್ಯಾಬಿನ್ ಫಿಲ್ಟರ್ ತೆಗೆದು ನೋಡಿ. ಹಲವು ಕಾರುಗಳಲ್ಲಿ ಅದನ್ನು ನಾವೇ ಬದಲಿಸಬಹುದು, ಒಳಗೆ ಸಿಗುವ ಒಣ ಎಲೆ ಮತ್ತು ಇಲಿ ತಂದಿಟ್ಟ ಹತ್ತಿಯನ್ನು ನೋಡುವ ಧೈರ್ಯ ಇರಬೇಕಷ್ಟೆ.

ಹಿಂದಿನ ಗಾಜಿನ ಗುಂಡಿಯನ್ನೂ ಹೇಳಿಬಿಡುತ್ತೇನೆ. ಎರಡು ಚಿಹ್ನೆಗಳಲ್ಲಿ ಬೀಸಣಿಗೆಯ ಆಕಾರದ್ದು ಮುಂದಿನ ಗಾಜು, ಆಯತದ್ದು ಹಿಂದಿನ ಗಾಜು. ಹಿಂದಿನದಕ್ಕೂ ಗಾಳಿಗೂ ಸಂಬಂಧವಿಲ್ಲ. ಗಾಜಿನ ಮೇಲೆ ಅಡ್ಡಕ್ಕೆ ಹಾದುಹೋಗಿರುವ ಕಂದು ಗೆರೆಗಳು ವಿದ್ಯುತ್ತಿನಿಂದ ಬಿಸಿಯಾಗಿ ಮಸುಕನ್ನು ಒಣಗಿಸುತ್ತವೆ, ಬಹಳಷ್ಟು ಕಾರುಗಳಲ್ಲಿ ಸ್ವಲ್ಪ ಹೊತ್ತಿಗೆ ತಾನೇ ಆರುತ್ತದೆ. ಆ ಗೆರೆಗಳ ಮೇಲೆಯೇ ನಾವು ಮನೆದೇವರ ಹೆಸರನ್ನು, ಮಕ್ಕಳ ಹೆಸರನ್ನು ದೊಡ್ಡ ಅಕ್ಷರದ ಸ್ಟಿಕ್ಕರಿನಲ್ಲಿ ಅಂಟಿಸುತ್ತೇವೆ. ಒಳಮೈಗೆ ಅಂಟಿಸಿದ್ದನ್ನು ಕಾರು ಮಾರುವಾಗ ಬ್ಲೇಡಿನಲ್ಲಿ ಕೆರೆದರೆ ಗೆರೆಗಳೂ ಎದ್ದುಬರುತ್ತವೆ, ಕಡಿದ ಗೆರೆ ಬಿಸಿಯಾಗುವುದಿಲ್ಲ. ದೇವರ ಹೆಸರನ್ನು ಡಿಕ್ಕಿಯ ಬಾಗಿಲ ತಗಡಿನ ಮೇಲೆ ಬರೆಸಿ. ಅಲ್ಲಿ ಬೇಕಾದಷ್ಟು ಜಾಗವಿದೆ.