ದೋಷ ಮೊದಲು, ರೇಟು ಆಮೇಲೆ

ಬೆಂಗಳೂರು, ಮಂಗಳೂರು ಕಡೆ ಸೆಕೆಂಡ್ ಹ್ಯಾಂಡ್ ಬೇಸ್ ಗಿಟಾರ್ ಮಾರೋ ಗೆಳೆಯರಿಗೆ ನನ್ನದೊಂದು ಕಳಕಳಿಯ ಮಾತು. ಎರಡು ಫೋಟೋ ಹಾಕಿ "ಟಾಪ್ ಕಂಡೀಷನ್, ಮನೇಲೇ ನುಡಿಸಿದ್ದು, ಸೀರಿಯಸ್ ಇರೋರು ಮಾತ್ರ ಮೆಸೇಜ್ ಮಾಡಿ" ಅಂತ ಬರೆದು ಬಿಟ್ಟುಬಿಡ್ತೀರಲ್ಲ, ಅದರಲ್ಲಿ ಕೊಳ್ಳೋನಿಗೆ ಬೇಕಾದ್ದು ಒಂದೂ ಇಲ್ಲ. ನೆಕ್ (ತಂತಿ ಒತ್ತೋ ಉದ್ದನೆ ಹಿಡಿ) ನೆಟ್ಟಗಿದೆಯಾ, ಅದರ ಬಾಗು ಸರಿ ಮಾಡೋಕೆ ಒಳಗಿರೋ ಟ್ರಸ್ ರಾಡ್ ಅನ್ನೋ ಕಂಬಿ ಇನ್ನೂ ತಿರುಗತ್ತಾ, ನೆಕ್ ಮೇಲಿನ ಲೋಹದ ಪಟ್ಟಿ, ಅಂದ್ರೆ ಫ್ರೆಟ್, ಎಷ್ಟು ಸವೆದಿದೆ, ತಂತಿಯ ಸದ್ದು ಹಿಡಿಯೋ ಪಿಕಪ್ ಕಂಪನಿಯದ್ದೇನಾ ಅಥವಾ ಬದಲಾಯಿಸಿದ್ದಾ, ಇಷ್ಟು ತಿಳ್ಕೊಳ್ಳೋಕೆ ಮೆಸೇಜ್ ಮೇಲೆ ಮೆಸೇಜ್ ಹಾಕಿ ಕೊನೆಗೆ ಯಲಹಂಕದಿಂದ ಬನಶಂಕರಿಗೆ ಟ್ರಾಫಿಕ್ಕಲ್ಲಿ ಹೋಗಿ ಕೈಯಲ್ಲಿ ಹಿಡಿದೇ ನೋಡ್ಬೇಕು.

ನಾನೀಗ ಇರೋದು ಟೋಕಿಯೋದಲ್ಲಿ. ಇಲ್ಲಿ ಒಚನೊಮಿಜು ಸ್ಟೇಷನ್ನಲ್ಲಿ ಇಳಿದ್ರೆ ಮೇಜಿ ಯೂನಿವರ್ಸಿಟಿ ಕಡೆ ಇಳಿಜಾರಾಗಿ ಹೋಗೋ ರಸ್ತೆ ಉದ್ದಕ್ಕೂ ಗಿಟಾರ್ ಅಂಗಡಿಗಳೇ, ಬೇಸ್ ಮಾತ್ರ ಮಾರೋ ಜಾಗಗಳೂ ಇವೆ. ಅಲ್ಲಿ ಹಳೇ ಬೇಸ್‌ಗೆ ಒಂದು ಚೀಟಿ ಕಟ್ಟಿರ್ತಾರೆ, ನನಗೆ ತುಂಬಾ ಇಷ್ಟ ಆಗಿದ್ದು ಆ ಚೀಟಿಯೇ. ತೂಕ 4.1 ಕೆಜಿ, ಫ್ರೆಟ್ ಹತ್ತರಲ್ಲಿ ಏಳು ಭಾಗ ಉಳಿದಿದೆ, ಟ್ರಸ್ ರಾಡ್ ಎರಡೂ ಕಡೆ ತಿರುಗತ್ತೆ, ಹಿಂದುಗಡೆ ಬೆಲ್ಟಿನ ಬಕಲ್ ತಾಗಿ ಗೀರು ಬಿದ್ದಿದೆ, ವಾಲ್ಯೂಮ್ ಪಾಟ್ (ಗುಂಡಿ ಕೆಳಗಿನ ತಿರುಗೋ ಭಾಗ) ಬದಲಾಯಿಸಿದೆ, ಈ ಥರ. ಮಾರೋನೇ ತನ್ನ ಮಾಲಿನ ಊನ ಬರೆದಿಟ್ಟಿರ್ತಾನೆ, ಹಾಗಾಗಿ ಹಾಕಿರೋ ರೇಟ್ ಮೇಲೆ ನಂಬಿಕೆ ಬರತ್ತೆ, ಚೌಕಾಸಿ ಮಾಡ್ಬೇಕು ಅಂತಾನೇ ಅನಿಸಲ್ಲ.

ಹಾರ್ಡ್ ಆಫ್ ಅನ್ನೋ ಹಳೇ ಸಾಮಾನಿನ ಅಂಗಡಿಗಳಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ, ಕೆಟ್ಟಿರೋದನ್ನ ಕೆಟ್ಟಿದೆ ಅಂತ ಹೇಳಿಯೇ ಮಾರೋಕೆ ಜಂಕ್ ಮೂಲೆ ಅಂತಾನೇ ಇದೆ, ವಾಪಸ್ ತಗೊಳ್ಳಲ್ಲ ಅಂತಾನೂ ಮೊದಲೇ ಹೇಳಿರ್ತಾರೆ. "ಸೌಂಡ್ ಬರಲ್ಲ" ಅಂತ ಚೀಟಿ ಇದ್ದ ಒಂದು ಬೇಸ್, ಫೆಂಡರ್ ಕಂಪನಿಯ ಪ್ರಿಸಿಷನ್ ಮಾಡೆಲ್‌ನ ಕಾಪಿ, ಅಲ್ಲಿಂದ ತಂದೆ. ಸ್ಕ್ರೂ ಬಿಚ್ಚಿ ಮುಂದಿನ ಪ್ಲೇಟ್, ಅಂದ್ರೆ ಪಿಕ್‌ಗಾರ್ಡ್, ಎತ್ತಿದ್ರೆ ಕೇಬಲ್ ಚುಚ್ಚೋ ಜ್ಯಾಕ್‌ನ ಗ್ರೌಂಡ್ ವೈರ್ ಕಿತ್ತು ಬಂದು ನೇತಾಡ್ತಿತ್ತು ಅಷ್ಟೇ, ಒಂದು ಚುಕ್ಕೆ ಸೋಲ್ಡರ್ ಹಾಕಿ, ಕರಕರ ಅನ್ನೋ ಪಾಟ್ ಒಳಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದ ಮೇಲೆ ಎಂಥಾ ಗಟ್ಟಿ ಸೌಂಡ್ ಬಂತು ಅಂತೀರಾ! ನೆಕ್ ಚೆನ್ನಾಗಿದೆ, ಕೆಟ್ಟಿರೋದು ವೈರಿಂಗ್ ಅಂತ ತಗೊಳ್ಳೋವಾಗಲೇ ಗೊತ್ತಿದ್ದಿದ್ರಿಂದ ಧೈರ್ಯವಾಗಿ ತಂದೆ.

ಇಲ್ಲಿ ಹಳೇ ಸಾಮಾನು ಕೊಂಡು ಮಾರೋ ವ್ಯಾಪಾರಕ್ಕೆ ಪೊಲೀಸರ ಮೂಲಕ ಲೈಸೆನ್ಸ್ ತಗೋಬೇಕು, ಅಂಗಡಿಗೆ ಬೇಸ್ ಮಾರೋಕೆ ಹೋದ್ರೆ ನಿಮ್ಮ ಐಡಿ ನೋಡಿ ಬರ್ಕೊಳ್ತಾರೆ, ಕದ್ದ ಮಾಲು ಕೈ ಬದಲಾಗಬಾರದು ಅಂತ. ಬೀಟಲ್ಸ್ ಬ್ಯಾಂಡಿನ ಪಾಲ್ ಮೆಕಾರ್ಟ್ನಿ ಅವರ ಹಾಫ್ನರ್ ಕಂಪನಿ ಬೇಸ್ 1972ರಲ್ಲಿ ಲಂಡನ್ನಲ್ಲಿ ಕಳುವಾಗಿ, ವಾಪಸ್ ಸಿಕ್ಕಿದೆ ಅನ್ನೋ ಸುದ್ದಿ ಬಂದಿದ್ದು 2024ರಲ್ಲಿ. ನಮ್ಮಂಥೋರ ಬೇಸ್ ಹೋದ್ರೆ ಹುಡುಕೋರು ಯಾರು? ಸೀರಿಯಲ್ ನಂಬರ್ ಫೋಟೋ ಒಂದನ್ನಾದ್ರೂ ಹಾಕಿ.

ಹಾಗಂತ ಟೋಕಿಯೋದ್ದೆಲ್ಲ ಚೆನ್ನ ಅಂತ ನಾನು ಹೇಳಲ್ಲ. ಮೆರ್ಕಾರಿ ಆ್ಯಪಲ್ಲಿ ಕೊಂಡ್ರೆ ಮಾಲು ಕೈಗೆ ಬರೋವರೆಗೂ ದುಡ್ಡು ಆ್ಯಪಲ್ಲೇ ಇರತ್ತೆ, ಭದ್ರ, ಆದ್ರೆ ಎಷ್ಟೋ ಸಲ ಮಾರಿದೋರ ಹೆಸರು, ವಿಳಾಸ ಏನೂ ಗೊತ್ತಾಗದ ಹಾಗೆ ಡಬ್ಬ ಬಂದುಬಿಡತ್ತೆ. ಬೆಂಗಳೂರಲ್ಲಿ ಹಾಗಲ್ಲ, ಬೇಸ್ ನೋಡೋಕೆ ಹೋದೋನಿಗೆ ಮಾರೋನ ಅಮ್ಮ ಕಾಫಿ ಕೊಡ್ತಾರೆ, ಆಂಪ್‌ಗೆ (ಆಂಪ್ಲಿಫೈಯರ್) ಹಾಕಿ ಅರ್ಧ ಗಂಟೆ ನುಡಿಸ್ತೀವಿ, ಈ ಪಿಕಪ್ ಯಾಕೆ ಹಾಕ್ಸಿದೆ, ಮೈ ನುಣುಪಾಗಿರೋ ಫ್ಲಾಟ್‌ವೂಂಡ್ ತಂತಿ ಹಾಕಿದ್ರೆ ಹೇಗೆ ಕೇಳತ್ತೆ ಅಂತೆಲ್ಲ ಮಾತಾಗತ್ತೆ, ಆಮೇಲೂ ಏನಾದ್ರೂ ಕೆಟ್ರೆ "ಗುರು, ಹಮ್ ಬರ್ತಿದೆ" ಅಂತ ಅವನಿಗೇ ಫೋನ್ ಮಾಡಬಹುದು. ಎಸ್.ಪಿ. ರೋಡಿಗೆ ಹೋಗಿ 47 ನ್ಯಾನೋಫ್ಯಾರಡ್ ಕೆಪ್ಯಾಸಿಟರ್ ತಂದು ಟೋನ್ ಸರಿ ಮಾಡ್ಕೊಳ್ಳೋದು, ಗೆಳೆಯನ ಸೋಲ್ಡರಿಂಗ್ ಐರನ್ ಇಸ್ಕೊಂಡು ಬರೋದು, ಇದೆಲ್ಲ ನಮ್ಮ ದೊಡ್ಡ ಬಲ. ಹೊರಗಿಂದ ಬರೋ ಪಾರ್ಟ್ಸ್ ದುಬಾರಿ ಆದ್ದರಿಂದ ನಮ್ಮ ಹುಡುಗರು ಕೈಯಾರೆ ರಿಪೇರಿ ಕಲ್ತಿದ್ದಾರೆ, ಅದನ್ನ ಮುಚ್ಚಿಡೋದು ಯಾಕೆ? ಪಿಕಪ್ ಬದಲಾಯಿಸಿದ್ರೆ ಹಳೇದನ್ನ ಒಂದು ಕವರಲ್ಲಿ ಇಟ್ಟುಕೊಂಡು ಜೊತೆಗೇ ಕೊಡಿ, ಹೊಸದು ಬೇಡದವನು ಹಳೇದನ್ನೇ ಮತ್ತೆ ಹಾಕ್ಕೊಳ್ತಾನೆ. ಆದ್ರೆ ಪ್ರೀಆಂಪ್ ಅನ್ನೋ ಸದ್ದು ಏರಿಸೋ ಸರ್ಕ್ಯೂಟ್, ಅದರ 9 ವೋಲ್ಟ್ ಬ್ಯಾಟರಿ ಕೂರಿಸೋಕೆ ಬಾಡಿ ಮರ ಕೊರೆದಿದ್ರೆ ಅದು ಹಿಂದಕ್ಕೆ ಹೋಗಲ್ಲ, ಅದನ್ನ ಹೇಳಲೇಬೇಕು.

ಯಾವ ವರ್ಷದ್ದು ಅನ್ನೋದೂ ಮುಖ್ಯ. ನಮ್ಮ ಮಲೆನಾಡಿನ ಬೀಟೆ, ಅಂದ್ರೆ ರೋಸ್‌ವುಡ್, ಇದೆಯಲ್ಲ, ಅದೇ ಜಾತಿ ಮರ ಪ್ರಪಂಚದ ಎಷ್ಟೋ ಬೇಸುಗಳ ಫಿಂಗರ್‌ಬೋರ್ಡು (ಫ್ರೆಟ್ ಕೂರಿಸೋ ಹಲಗೆ). 2017ರ ಜನವರಿಯಿಂದ ಆ ಗುಂಪಿನ ಮರಗಳೆಲ್ಲ ಅಂತಾರಾಷ್ಟ್ರೀಯ ವ್ಯಾಪಾರ ನಿಯಂತ್ರಣಕ್ಕೆ ಬಂದ್ವು, ಆಗ ಫೆಂಡರ್‌ನವರು ಮೆಕ್ಸಿಕೋದಲ್ಲಿ ಮಾಡೋ ಎಷ್ಟೋ ಮಾಡೆಲ್‌ಗಳಿಗೆ ಪೌ ಫೆರೋ ಮರ ಹಾಕೋಕೆ ಶುರು ಮಾಡಿದ್ರು, ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿದ್ದು 2019ರ ಕೊನೆಗೆ. ಎರಡೂ ಒಳ್ಳೇ ಮರವೇ, ಆದ್ರೆ ಪೌ ಫೆರೋ ಇರೋದನ್ನ ರೋಸ್‌ವುಡ್ ಅಂತ ಬರೆದು ಮಾರೋದು ಸರಿಯಲ್ಲ.

ಆಂಪ್ ವಿಷಯದಲ್ಲಂತೂ ಬಾಯಿ ಬಿಡದೇ ಇದ್ರೆ ಅಪಾಯ. ಊರಿಗೆ ಹೋಗೋವಾಗ ಜಪಾನಿಂದ ಆಂಪ್ ತಂದುಕೊಡಿ ಅಂತ ಕೇಳ್ತಾರೆ. ಇಲ್ಲಿ ಕರೆಂಟ್ 100 ವೋಲ್ಟ್, ನಮ್ಮಲ್ಲಿ 230, 100 ವೋಲ್ಟ್‌ಗೆ ಮಾತ್ರ ಮಾಡಿರೋ ಆಂಪನ್ನ ಮಧ್ಯೆ ಟ್ರಾನ್ಸ್‌ಫಾರ್ಮರ್ ಇಲ್ಲದೆ ಪ್ಲಗ್ ಹಾಕಿದ್ರೆ ಸುಟ್ಟುಹೋಗಬಹುದು. ನೀವು ಅದನ್ನ ಇನ್ನೊಬ್ಬರಿಗೆ ಮಾರೋವಾಗ ಟ್ರಾನ್ಸ್‌ಫಾರ್ಮರ್ ಜೊತೆಗೇ ಕೊಡಿ.

ಇಷ್ಟು ಒತ್ತಿ ಹೇಳೋಕೆ ಕಾರಣ ನಮ್ಮಕ್ಕನ ಮಗ. ಮಂಗಳೂರಲ್ಲಿ ಓದ್ತಿದ್ದಾನೆ, ಪಾಕೆಟ್ ಮನಿ ಕೂಡಿಟ್ಟು ಮೊದಲ ಬೇಸ್ ಕೊಂಡ, ಸ್ವಲ್ಪ ದಿನಕ್ಕೇ ಫೋನ್ ಮಾಡಿ "ಮಾಮ, ನನ್ನ ಬೆರಳಲ್ಲಿ ಶಕ್ತಿ ಸಾಲ್ತಿಲ್ಲ, ಇದು ನಂಗೆ ಬರಲ್ಲ ಅನ್ಸತ್ತೆ" ಅಂದ. ವಿಡಿಯೋ ಕಾಲಲ್ಲಿ ತೋರಿಸು ಅಂದೆ. ದಪ್ಪ ತಂತಿಯನ್ನ ಮೊದಲನೇ ಫ್ರೆಟ್ಟಲ್ಲೂ ಕೊನೇ ಫ್ರೆಟ್ಟಲ್ಲೂ ಒತ್ತಿ ಹಿಡಿಸಿ ನೋಡಿದ್ರೆ ಏಳನೇ ಫ್ರೆಟ್ ಹತ್ರ ನಾಣ್ಯ ತೂರೋಷ್ಟು ಸಂದಿ, ಟ್ರಸ್ ರಾಡ್ ನಟ್ಟು ಸವೆದು ಕೀ ಹಿಡೀತಾನೇ ಇಲ್ಲ. ಬೆರಳಿಗೇನೂ ಆಗಿರಲಿಲ್ಲ, ನೆಕ್ ಬಾಗಿತ್ತು. ಮಾರಿದವನಿಗೆ ಅದು ಖಂಡಿತ ಗೊತ್ತಿತ್ತು, ಆ ನಟ್ಟು ತಾನಾಗೇ ಸವೆಯಲ್ಲ.

ಆ ಸಂದಿ ಸುಮಾರು 0.3 ಮಿಲಿಮೀಟರ್ ಇದ್ರೆ ನೆಕ್ ಸರಿಯಾಗಿದೆ ಅಂತ ಲೆಕ್ಕ. ಮಾರೋಕೆ ಇಡೋ ಮೊದಲು ಹಾಗೇ ಒತ್ತಿ ಹಿಡಿದು ಒಂದು ಫೋಟೋ, 12ನೇ ಫ್ರೆಟ್ ಹತ್ರ ಸ್ಕೇಲ್ ಇಟ್ಟು ತಂತಿ ಎಷ್ಟು ಎತ್ತರ ಇದೆ ಅಂತ ಇನ್ನೊಂದು, ಹಿಂದಿನ ಪ್ಲೇಟ್ ಅಥವಾ ಪಿಕ್‌ಗಾರ್ಡ್ ಬಿಚ್ಚಿ ವೈರಿಂಗ್‌ದು ಮತ್ತೊಂದು ತೆಗೀರಿ. ರೇಟು ಅದರ ಕೆಳಗೆ ಬರೀರಿ, ಚೌಕಾಸಿ ಬೇಕಾದ್ರೆ ಕಾಫಿ ಕುಡೀತಾ ಮಾಡೋಣ.