ರೇಸ್ ಟ್ರ್ಯಾಕ್ ಬರಲಿ, ಸದ್ದಿನ ಮಿತಿ ಗುತ್ತಿಗೆ ಪತ್ರದಲ್ಲೇ ಇರಲಿ

ಹುತ್ತರಿ ಕಳೆದು ಭತ್ತದ ಕೊಯ್ಲು ಮುಗಿದ ಗದ್ದೆಗಳಲ್ಲಿ ಆಟೋಕ್ರಾಸ್, ಅಂದರೆ ಮಣ್ಣಿನ ಹಾದಿಯ ಕಾರು ಓಟದ ಸ್ಪರ್ಧೆ, ನಡೆಯುವುದು ಕೊಡಗಿನವರಿಗೆ ಹೊಸತಲ್ಲ. ಅದಕ್ಕೊಂದು ಕಾಯಂ ಟ್ರ್ಯಾಕ್ ಬೇಕು, ಸಾರ್ವಜನಿಕ ಜಾಗದಲ್ಲೇ ಬೇಕು ಎಂಬ ಮಾತು ಗೆಳೆಯರ ನಡುವೆ ಬಂದಾಗಲೆಲ್ಲ ನಾನು ಅದನ್ನು ಬೆಂಬಲಿಸುತ್ತೇನೆ, ಏಕೆಂದರೆ ತಿರುವುಗಳೇ ತುಂಬಿರುವ ನಮ್ಮ ರಸ್ತೆಗಳಲ್ಲಿ ಹುಡುಗರು ವೇಗ ಪರೀಕ್ಷಿಸುವುದಕ್ಕಿಂತ ಅದು ಎಷ್ಟೋ ಮೇಲು. ಆದರೆ ಮೊದಲ ಲೋಡ್ ಜಲ್ಲಿ ಬೀಳುವ ಮುನ್ನವೇ ಸದ್ದಿನ ಮಿತಿ ತೀರ್ಮಾನವಾಗಬೇಕು, ಆ ತೀರ್ಮಾನದಲ್ಲಿ ಗ್ರಾಮ ಪಂಚಾಯಿತಿಗೆ ಹಿಡಿತವಿರಬೇಕು.

2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ಹದಿನೈದು ಮೀಟರ್ ದೂರದಲ್ಲಿ 90 ಡೆಸಿಬಲ್ ಸದ್ದು ಮಾಡುವ ಒಂದೇ ಒಂದು ಕಾರನ್ನು ತೆಗೆದುಕೊಳ್ಳಿ. ದೂರ ಇಮ್ಮಡಿಯಾದಂತೆಲ್ಲ ಸುಮಾರು 6 ಡೆಸಿಬಲ್ ಇಳಿಯುತ್ತದೆ ಎಂದಿಟ್ಟುಕೊಂಡರೆ, ತೆರೆದ ಬಯಲಿನಲ್ಲಿ ಆ ಸದ್ದು 55ಕ್ಕೆ ಬರಲು ಸುಮಾರು 850 ಮೀಟರ್ ಬೇಕು. ಅಂಥ ಹತ್ತು ಕಾರುಗಳು ಒಟ್ಟಿಗೆ ಓಡಿದರೆ ಇನ್ನೂ 10 ಡೆಸಿಬಲ್ ಕೂಡುತ್ತದೆ. ಚಳಿಗಾಲದ ಬೆಳಗ್ಗೆ ಕಣಿವೆಯ ತಳದಲ್ಲಿ ತಣ್ಣನೆಯ ಗಾಳಿ, ಅದರ ಮೇಲೆ ಬೆಚ್ಚನೆಯ ಗಾಳಿ ನಿಂತಾಗ ಸದ್ದು ಮೇಲಕ್ಕೆ ಹೋಗದೆ ಕೆಳಕ್ಕೆ ಬಾಗಿ ಬಹುದೂರ ಸಾಗುತ್ತದೆ. ನಮ್ಮಲ್ಲಿ ಆಟೋಕ್ರಾಸಿಗೆ ಗದ್ದೆ ಸಿಗುವುದೂ ಅದೇ ತಿಂಗಳುಗಳಲ್ಲಿ. ಇನ್ನೊಂದು ಸೂಕ್ಷ್ಮವೂ ಇದೆ. ನಿಯಮದ 55 ಎಂಬುದು ಒಂದು ಅವಧಿಯ ಸರಾಸರಿಯಾದ್ದರಿಂದ, ಪ್ರತಿ ಸುತ್ತಿನಲ್ಲೂ ಒಮ್ಮೆ ಬಂದು ಹೋಗುವ ಚೀರುಸದ್ದು ಆ ಸರಾಸರಿಯೊಳಗೆ ಅಡಗಿಬಿಡಬಹುದು. ಹಾಗಾಗಿ ಟ್ರ್ಯಾಕ್ ಬದಿಯಲ್ಲಿ ಪ್ರತಿ ವಾಹನಕ್ಕೊಂದು ಮಿತಿ, ಹತ್ತಿರದ ಮನೆಯ ಬೇಲಿಯಲ್ಲಿ ಸರಾಸರಿಗೊಂದು ಮಿತಿ, ಎರಡೂ ಬೇಕು.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಲಗೂನಾ ಸೆಕಾ ಟ್ರ್ಯಾಕ್ 1957ರಲ್ಲಿ ಆರಂಭವಾಗಿ, 1974ರಿಂದ ಮಾಂಟೆರೆ ಕೌಂಟಿಯ ಒಡೆತನದಲ್ಲಿದೆ. ಅಲ್ಲಿ ಸಾಮಾನ್ಯ ದಿನಗಳಲ್ಲಿ 90 ಡೆಸಿಬಲ್ ಆಸುಪಾಸಿನ ಮಿತಿಯಿದ್ದು, ದೊಡ್ಡ ರೇಸ್‌ಗಳಿಗೆ ಮಾತ್ರ ಸಡಿಲಿಕೆ ಇದೆ. ಹಾಗಿದ್ದರೂ 2023ರ ಡಿಸೆಂಬರಿನಲ್ಲಿ ನೆರೆಹೊರೆಯವರ ಸಂಘಟನೆಯೊಂದು ಕೌಂಟಿಯ ಮೇಲೆಯೇ ಮೊಕದ್ದಮೆ ಹೂಡಿತು. ಬಾಡಿಗೆಗೆ ಕೊಡುವ ದಿನಗಳು ಹೆಚ್ಚುತ್ತಲೇ ಹೋದವು ಎಂಬುದು ಅವರ ಮುಖ್ಯ ದೂರುಗಳಲ್ಲೊಂದು. ಬಾಡಿಗೆ ಹಣ ಪಡೆಯುವ ಸಂಸ್ಥೆಯೇ ಸದ್ದನ್ನೂ ಕಾಯಬೇಕಾದಾಗ ಅದರ ಕೈ ಕಟ್ಟಿಹೋಗುತ್ತದೆ ಎಂದು ನನಗನ್ನಿಸುವುದು ಇದಕ್ಕೇ.

ನಮ್ಮಲ್ಲಿ ಪರಿಸ್ಥಿತಿ ಬೇರೆ. ಶಬ್ದ ನಿಯಮದಡಿ ಕ್ರಮ ಕೈಗೊಳ್ಳುವ ಪ್ರಾಧಿಕಾರವನ್ನು ರಾಜ್ಯ ಸರ್ಕಾರ ಗೊತ್ತುಪಡಿಸುತ್ತದೆ. ಅದು ಜಿಲ್ಲಾಧಿಕಾರಿಯವರೋ ಡಿವೈಎಸ್‌ಪಿ ದರ್ಜೆಯ ಪೊಲೀಸ್ ಅಧಿಕಾರಿಯೋ ಆಗಿರಬಹುದು. ಭಾನುವಾರ ಮಧ್ಯಾಹ್ನ ಸದ್ದು ಮಿತಿ ಮೀರಿದರೆ ಊರಿನವರು ಮೊದಲು ಹೋಗುವುದು ಪಂಚಾಯಿತಿ ಸದಸ್ಯರ ಮನೆಗೆ, ಅವರ ಬಳಿಯಾದರೋ ಸದ್ದು ಅಳೆಯುವ ಮೀಟರೂ ಇಲ್ಲ, ಅಧಿಕಾರವೂ ಇಲ್ಲ. ಜಾಗ ಸಾರ್ವಜನಿಕದ್ದಾದಾಗ ಆ ಹಿಡಿತವನ್ನು ಗುತ್ತಿಗೆ ಪತ್ರದ ಮೂಲಕ ಕೊಡಲು ಸಾಧ್ಯ. ವರ್ಷಕ್ಕೆ ಎಷ್ಟು ದಿನ, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ, ಮಿತಿ ಮೀರಿದ ವಾಹನವನ್ನು ಎಷ್ಟು ಹೊತ್ತಿನೊಳಗೆ ಹೊರಗೆ ಕರೆಸಬೇಕು ಎಂಬುದೆಲ್ಲ ಗ್ರಾಮಸಭೆಯ ಮುಂದೆ ಚರ್ಚೆಯಾಗಿ ಷರತ್ತುಗಳಾಗಿ ಬರಲಿ. ಮೀಟರಿನ ಅಂಕಿಗಳು ಅದೇ ದಿನ ಪಂಚಾಯಿತಿ ಕಚೇರಿಯ ಫಲಕಕ್ಕೆ ಬರಲಿ. ಅಳತೆ ಮಾಡುವವರು ಆಯೋಜಕರ ಸಂಬಳದಲ್ಲಿರಬಾರದು.

ಆ ಗ್ರಾಮಸಭೆಯಲ್ಲಿ ತೋಟದ ಮಾಲೀಕರಷ್ಟೇ ಮಾತಾಡಿದರೆ ಸಾಲದು. ಟ್ರ್ಯಾಕಿಗೆ ಹತ್ತಿರವಿರುವುದು ಎಷ್ಟೋ ಸಲ ತೋಟದ ಕಾರ್ಮಿಕರು ಸಾಲಾಗಿ ವಾಸಿಸುವ ಲೈನ್‌ಮನೆಗಳು. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ವಾರವಿಡೀ ದುಡಿದು ಭಾನುವಾರ ಮಾತ್ರ ಬಿಡುವು ಪಡೆಯುವ ಆ ಕುಟುಂಬಗಳನ್ನು ಕೇಳದೆ ರೇಸಿನ ದಿನಗಳನ್ನು ಗೊತ್ತುಮಾಡುವುದನ್ನು ನಾನು ಒಪ್ಪುವುದಿಲ್ಲ.